ಗೋವಾದ ‘ಮಾನಸ್’ ಅಧ್ಯಯನ: ಒಂದೇ ಚಿಕಿತ್ಸೆ ಪಿಎಚ್‌ಸಿಯಲ್ಲಿ ಫಲಿಸಿತು, ಖಾಸಗಿ ಕ್ಲಿನಿಕ್‌ನಲ್ಲಿ ಏಕೆ ಫಲಿಸಲಿಲ್ಲ?

ಅಧ್ಯಯನ ಒಂದೇ, ಚಿಕಿತ್ಸೆಯ ಕ್ರಮ ಒಂದೇ, ಆಪ್ತಸಮಾಲೋಚಕಿಯರಿಗೆ (ಕೌನ್ಸೆಲರ್‌ಗಳಿಗೆ) ಕೊಟ್ಟ ತರಬೇತಿಯೂ ಒಂದೇ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಖಿನ್ನತೆ, ಆತಂಕದ ರೋಗಿಗಳಲ್ಲಿ ಈ ಸೇವೆ ಸಿಕ್ಕವರ ಪೈಕಿ ಆರು ತಿಂಗಳಿಗೆ ಶೇ 65.9 ಮಂದಿ ಚೇತರಿಸಿಕೊಂಡಿದ್ದರು. ಸೇವೆ ಇಲ್ಲದ ಕೇಂದ್ರಗಳಲ್ಲಿ ಶೇ 42.5. ಖಾಸಗಿ ವೈದ್ಯರ ಕ್ಲಿನಿಕ್‌ಗಳಿಗೆ ಬಂದರೆ, ಸೇವೆ ಇದ್ದ ಕಡೆ ಶೇ 64.1, ಇಲ್ಲದ ಕಡೆ ಶೇ 65.9.

ಈ ನಾಲ್ಕು ಅಂಕಿಗಳು 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಗೋವಾದ ಮಾನಸ್ ಅಧ್ಯಯನದವು. ಅಕ್ಕಪಕ್ಕ ಇಟ್ಟು ನೋಡಿ. ಅಷ್ಟೆಲ್ಲ ಏರ್ಪಾಡು ಮಾಡಿ ಪಿಎಚ್‌ಸಿಗಳು ಮುಟ್ಟಿದ ಮಟ್ಟದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೌನ್ಸೆಲರ್ ಇಲ್ಲದೆಯೇ ಇದ್ದವು. ಎರಡೂ ಕಡೆಯ ರೋಗಿಗಳು ಒಂದೇ ಥರದವರಲ್ಲ, ಖಾಸಗಿಗೆ ಹೋಗುವವರ ಕೈಯಲ್ಲಿ ನಾಲ್ಕು ಕಾಸು ಹೆಚ್ಚಿರುತ್ತದೆ ಎಂಬ ಎಚ್ಚರಿಕೆ ಇರಲಿ. ಆದರೂ ವಿಶ್ವವಿದ್ಯಾಲಯದವರು, ಸಂಶೋಧನಾ ಸಂಸ್ಥೆಯವರು ಸಮುದಾಯದ ಚಿಕಿತ್ಸಾಲಯದ ಜತೆ ಕೈಜೋಡಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಇಲ್ಲೇ ಇದೆ: ನಾವು ತರುತ್ತಿರುವುದು ಒಳ್ಳೆಯದೇ ಎಂಬುದಕ್ಕಿಂತ ಮೊದಲು, ಅಲ್ಲಿ ಏನು ಇಲ್ಲ?

ಪಾಲುದಾರರು

ಮುಖ್ಯ ಸಂಸ್ಥೆ ಗೋವಾದ ಸಂಗಾತ್, 1996ರಲ್ಲಿ ಹುಟ್ಟಿದ ಸ್ವಯಂಸೇವಾ ಸಂಸ್ಥೆ. ವಿದ್ವತ್ತಿನ ಕಡೆಯಿಂದ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್. ಸರ್ಕಾರದ ಕಡೆಯಿಂದ ಗೋವಾ ಆರೋಗ್ಯ ಸೇವೆಗಳ ನಿರ್ದೇಶನಾಲಯ. ಹಣ ವೆಲ್‌ಕಮ್ ಟ್ರಸ್ಟ್‌ನದು, ನೇತೃತ್ವ ಮನೋವೈದ್ಯ ವಿಕ್ರಮ್ ಪಟೇಲ್ ಅವರದು. ಅಧ್ಯಯನದಲ್ಲಿ 24 ಚಿಕಿತ್ಸಾಲಯಗಳಿದ್ದವು: 12 ಸರ್ಕಾರಿ, 12 ಖಾಸಗಿ. 2007ರ ಏಪ್ರಿಲ್‌ನಿಂದ 2009ರ ಸೆಪ್ಟೆಂಬರ್‌ವರೆಗೆ ನಡೆದ ಕೆಲಸದಲ್ಲಿ 2,796 ರೋಗಿಗಳು ಸೇರಿದರು. ಹೆಸರು ಕೊಂಕಣಿಯ ‘ಮನಶಾಂತಿ ಸುಧಾರ್ ಶೋಧ್’ ಎಂಬುದರ ಮೊಟಕು.

ಯಾರಿಗೆ ಏನು ಬೇಕಿತ್ತು ಎಂಬುದು ಇಂಥ ಒಡಂಬಡಿಕೆಗಳಲ್ಲಿ ಎಂದೂ ಕಾಗದದ ಮೇಲೆ ಬರುವುದಿಲ್ಲ, ಬಂದರೆ ಒಳ್ಳೆಯದು. ಸಂಶೋಧಕರಿಗೆ ಬೇಕಿರುವುದು ಪೂರ್ಣಗೊಂಡ ಸಂದರ್ಶನಗಳು. ಇಲಾಖೆಗೆ ಬೇಕಿರುವುದು ಸಿಬ್ಬಂದಿಯ ಮೇಲೆ ಹೊಸ ಹೊರೆ ಬೀಳದಿರುವುದು, ಪತ್ರಿಕೆಯಲ್ಲಿ ಕೆಟ್ಟ ಸುದ್ದಿ ಬಾರದಿರುವುದು. ಖಾಸಗಿ ವೈದ್ಯರಿಗೆ ಬೇಕಿರುವುದು ತಮ್ಮ ರೋಗಿ ತಮ್ಮಲ್ಲೇ ಉಳಿಯುವುದು. ಮೈಕೈ ನೋವು, ಸುಸ್ತು, ನಿದ್ದೆ ಇಲ್ಲ ಎಂದು ಬಂದಿರುವ ರೋಗಿಗೆ ಬೇಕಿರುವುದು ಒಂದು ಇಂಜೆಕ್ಷನ್, ಇಲ್ಲವೇ ಶಕ್ತಿಯ ಮಾತ್ರೆ. ಖಿನ್ನತೆಯ ಪ್ರಶ್ನೆ ಆತ ಕೇಳಿದ್ದಲ್ಲ. ಈ ನಾಲ್ಕು ಬೇಕುಗಳು ಒಂದೇ ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತವೆ.

ಪ್ರಯೋಗಕ್ಕೆ ಮುಂಚಿನ ಹಂತ

ಮಾನಸ್‌ನಿಂದ ಕಲಿಯುವವರು ಫಲಿತಾಂಶದ ಪ್ರಬಂಧವನ್ನು ಓದುತ್ತಾರೆ, 2008ರಲ್ಲಿ ‘ವರ್ಲ್ಡ್ ಸೈಕಿಯಾಟ್ರಿ’ಯಲ್ಲಿ ಬಂದ ಪೂರ್ವಸಿದ್ಧತೆಯ ಪ್ರಬಂಧವನ್ನು ಬಿಟ್ಟುಬಿಡುತ್ತಾರೆ. ಪಾಲುದಾರಿಕೆಯ ಅಸಲು ಕೆಲಸ ಇರುವುದು ಅದರಲ್ಲಿ. ತಂಡ ಮೊದಲು ಇಲಾಖೆಯವರು, ವೈದ್ಯರು, ಸಿಬ್ಬಂದಿಯ ಜತೆ ಸಮಾಲೋಚನೆ ನಡೆಸಿತು. ಆಮೇಲೆ ಚಿಕಿತ್ಸೆಯ ಬಿಡಿಭಾಗಗಳನ್ನು ಸ್ಥಳದಲ್ಲಿ ಪರೀಕ್ಷಿಸಿತು. ಕೊನೆಗೆ ಕೆಲವೇ ಚಿಕಿತ್ಸಾಲಯಗಳಲ್ಲಿ ಎಲ್ಲವನ್ನೂ ಒಟ್ಟಾಗಿ ಓಡಿಸಿ ನೋಡಿತು.

ಓಡಿಸಿದಾಗ ಕೆಲವು ಭಾಗಗಳು ಕಳಚಿಕೊಂಡವು. ಗುಂಪಿನಲ್ಲಿ ಕೂರಿಸಿ ನಡೆಸುವ ಚಿಕಿತ್ಸೆ ಕಾಗದದ ಮೇಲೆ ಅಗ್ಗ: ಒಬ್ಬ ಕೌನ್ಸೆಲರ್, ಎಂಟು ರೋಗಿಗಳು, ಒಂದು ಗಂಟೆ. ಆದರೆ ಜನ ಬರಲಿಲ್ಲ. ದಿನಗೂಲಿಯವರಿಗೆ ಮಂಗಳವಾರ ಹನ್ನೊಂದಕ್ಕೇ ಬನ್ನಿ ಎಂದರೆ ಒಂದು ದಿನದ ಸಂಬಳ ಹೋಯಿತು. ಚಿಕ್ಕ ಊರಲ್ಲಿ ಎಂಟು ಜನರ ಮುಂದೆ ಗಂಡನ ಕುಡಿತದ ಮಾತು ಎತ್ತಿದರೆ ಸಂಜೆಯೊಳಗೆ ಬೀದಿಗೆ ಗೊತ್ತು. ಹೀಗಾಗಿ ಗುಂಪಿಗೆಂದು ಇಟ್ಟುಕೊಂಡಿದ್ದ ಅಂತರ್ವ್ಯಕ್ತಿ ಚಿಕಿತ್ಸೆ (ಹತ್ತಿರದವರ ಜತೆಗಿನ ಸಂಬಂಧದ ತೊಡಕುಗಳನ್ನು ಮಾತಿನಲ್ಲಿ ಬಿಡಿಸುವ ಕ್ರಮ) ಒಬ್ಬೊಬ್ಬರಿಗೇ ಕೊಡುವ ರೂಪಕ್ಕೆ ಬಂತು. ಒಮ್ಮೆ ಬಂದವರು ಮತ್ತೆ ಬಾರದ ತೊಂದರೆಗೆ ಪ್ರತ್ಯೇಕ ಕ್ರಮವೇ ಬೇಕಾಯಿತು.

ಈ ಹಂತಕ್ಕೆ ಧನಸಹಾಯದ ಅರ್ಜಿಯಲ್ಲಿ ಬಹುತೇಕ ಯಾರೂ ದುಡ್ಡು ಕೇಳುವುದಿಲ್ಲ. ಕೇಳಿದರೆ ಕೊಡುವವರು ‘ಇದರಿಂದ ಪ್ರಬಂಧ ಬರುತ್ತದೆಯೇ?’ ಎನ್ನುತ್ತಾರೆ. ಮೂರು ವರ್ಷದ ಯೋಜನೆಯಾದರೆ ಮೊದಲ ಒಂಬತ್ತರಿಂದ ಹನ್ನೆರಡು ತಿಂಗಳನ್ನು ಇದಕ್ಕೇ ತೆಗೆದಿಡದಿದ್ದರೆ, ಅದೇ ತಪ್ಪುಗಳು ಪ್ರಯೋಗದ ನಡುವೆ ಎದುರಾಗುತ್ತವೆ. ಆಗ ಬದಲಿಸಲು ನೈತಿಕ ಸಮಿತಿಗೆ ತಿದ್ದುಪಡಿ ಹಾಕಬೇಕು, ಪ್ರಯೋಗದ ನೋಂದಣಿ ತಿದ್ದಬೇಕು. ಅಂಕಿ-ಅಂಶ ತಜ್ಞರು ಒಪ್ಪದೆಯೂ ಇರಬಹುದು.

ಒಪಿಡಿಯ ಲೆಕ್ಕ

ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಳಗಿನ ಒಪಿಡಿಯಲ್ಲಿ ಸಂಶೋಧನೆ ನಡೆಸುವವರು ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ಗಡಿಯಾರ. ಮಾನಸ್‌ನಲ್ಲಿ ತಪಾಸಣೆಗೆ ಬಳಸಿದ್ದು ಜಿಎಚ್‌ಕ್ಯೂ-12 ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿ. 5ಕ್ಕಿಂತ ಹೆಚ್ಚು ಅಂಕ ಬಂದವರು ಮುಂದಿನ ಹಂತಕ್ಕೆ. ರೋಗಿ ವೈದ್ಯರ ಕೋಣೆಗೆ ಹೋಗುವ ಮೊದಲೇ ಆರೋಗ್ಯ ಸಹಾಯಕರೊಬ್ಬರು ಮಾತಾಡಿಸುತ್ತಿದ್ದರು.

ಒಂದು ಸಾಧಾರಣ ಕೇಂದ್ರವನ್ನು ಊಹಿಸಿಕೊಳ್ಳೋಣ. ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಒಪಿಡಿ, ಅಂದರೆ 210 ನಿಮಿಷ. ಬರುವವರು 80. ಪರಿಚಯ, ಒಪ್ಪಿಗೆ, ಹನ್ನೆರಡು ಪ್ರಶ್ನೆ, ಅಂಕ ಕೂಡಿಸುವುದು ಎಲ್ಲ ಸೇರಿ ತಲಾ ಐದು ನಿಮಿಷ ಹಿಡಿದರೂ ಒಬ್ಬ ಸಹಾಯಕರಿಗೆ ಸಿಗುವುದು 42 ಮಂದಿ. ಅರ್ಧ ಜನ ಕೈತಪ್ಪಿದರು. ಕೈತಪ್ಪಿದವರು ಯಾರು? ಬೇಗ ಬಂದು ಬೇಗ ಹೋಗುವ ಕೂಲಿಯವರು, ಮಗು ಎತ್ತಿಕೊಂಡು ಬಂದ ತಾಯಂದಿರು. ಕೈಗೆ ಸಿಕ್ಕವರು ಕಟ್ಟೆಯ ಮೇಲೆ ನಿಧಾನವಾಗಿ ಕೂತ ಹಿರಿಯರು. ಹಾಗೆ ಬಿಟ್ಟರೆ ಮಾದರಿಯೇ ವಾಲಿಬಿಡುತ್ತದೆ. ಚೀಟಿ ಕೌಂಟರಿನ ಟೋಕನ್ ಸಂಖ್ಯೆ ನೋಡಿ ಪ್ರತಿ ಎರಡನೆಯವರನ್ನು ಎಂದು ಕಟ್ಟುನಿಟ್ಟು ಮಾಡಿಕೊಳ್ಳುವುದು ಇದಕ್ಕೆ ಸುಲಭದ ದಾರಿ. ಚೀಟಿ ಬರೆಯುವ ಸಿಬ್ಬಂದಿಯ ಸಹಕಾರ ಇಲ್ಲದೆ ಇದು ಒಂದು ದಿನವೂ ನಡೆಯದು. ಒಡಂಬಡಿಕೆಗೆ ಸಹಿ ಹಾಕುವವರು ನಿರ್ದೇಶಕರಾದರೂ ಅದನ್ನು ದಿನಾ ನಡೆಸಿಕೊಡುವವರು ಈ ಕೌಂಟರಿನವರು ಮತ್ತು ಫಾರ್ಮಸಿಸ್ಟ್. ಮೊದಲ ಸಭೆಗೆ ಇವರನ್ನೂ ಕರೆಯಬೇಕು.

ಲೆಕ್ಕ ಮುಂದುವರಿಸಿದರೆ: 42ರಲ್ಲಿ ಐವರಿಗೊಬ್ಬರು ತಪಾಸಣೆಯಲ್ಲಿ ಸಿಕ್ಕರು ಎಂದುಕೊಂಡರೆ ಎಂಟು ಜನ. ಮೊದಲ ಭೇಟಿಗೆ ತಲಾ ಅರ್ಧ ಗಂಟೆ ಎಂದರೆ ನಾಲ್ಕು ಗಂಟೆ. ಕೌನ್ಸೆಲರ್‌ಗೆ ಮೊದಲ ದಿನವೇ ಹೊತ್ತು ಮುಗಿಯಿತು, ಎರಡನೇ ವಾರದಿಂದ ಹಳಬರೂ ಸೇರಿಕೊಳ್ಳುತ್ತಾರೆ. ಮಾನಸ್ ಹಂತಹಂತದ ಚಿಕಿತ್ಸೆಯನ್ನು ಆರಿಸಿಕೊಂಡದ್ದರ ಹಿಂದೆ ಸಿದ್ಧಾಂತದಷ್ಟೇ ಈ ಗಣಿತವೂ ಇದೆ. ಎಲ್ಲರಿಗೂ ತಿಳಿವಳಿಕೆಯ ಮಾತು: ಇದು ಏನು, ಮೈನೋವಿಗೂ ಚಿಂತೆಗೂ ಏನು ಸಂಬಂಧ, ಉಸಿರಾಟದ ಸರಳ ಅಭ್ಯಾಸ. ಹೆಚ್ಚು ಬಳಲುವವರಿಗೆ ಖಿನ್ನತೆ ಶಮನಕ ಮಾತ್ರೆ ಅಥವಾ ಅಂತರ್ವ್ಯಕ್ತಿ ಚಿಕಿತ್ಸೆ. ಅಷ್ಟಕ್ಕೂ ಬಗ್ಗದಿದ್ದರೆ ಎರಡೂ. ಆತ್ಮಹತ್ಯೆಯ ಅಪಾಯ ಇದ್ದವರು, ರೋಗನಿರ್ಣಯ ಗೊಂದಲದಲ್ಲಿರುವವರು ಭೇಟಿಗೆ ಬರುವ ಮನೋವೈದ್ಯರ ಬಳಿಗೆ.

ಉಪಕರಣದ ಆಯ್ಕೆಯಲ್ಲಿ ಎರಡು ಮಾತು. ಜಿಎಚ್‌ಕ್ಯೂ ಹಕ್ಕುಸ್ವಾಮ್ಯದ ಪಟ್ಟಿ, ಪರವಾನಗಿ ಬೇಕು, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಬಿಟ್ಟಿ. ಜಿಎಚ್‌ಕ್ಯೂ-12ರಲ್ಲಿ ಸಾಯುವ ಯೋಚನೆಯ ಪ್ರಶ್ನೆ ಇಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆಯೇ ಅದು. ಹಾಗೆಂದು ಆ ಪ್ರಶ್ನೆ ಕೇಳಿ ಉತ್ತರವನ್ನು ಫಾರಂನಲ್ಲಿ ಬರೆದು ಸಂಜೆ ಕಂಪ್ಯೂಟರಿಗೆ ಏರಿಸುವ ಪದ್ಧತಿ ಅಪಾಯಕಾರಿ. ‘ಹೌದು’ ಎಂದವರು ಅಂದೇ, ಆ ಕಟ್ಟಡ ಬಿಡುವ ಮೊದಲು, ವೈದ್ಯರನ್ನು ಕಾಣಬೇಕು. ವೈದ್ಯರು ಸಭೆಗೆ ಹೋಗಿದ್ದರೆ ಯಾರಿಗೆ ಫೋನು ಎಂಬುದು ಗೋಡೆಯ ಮೇಲೆ ಬರೆದಿರಬೇಕು.

ನಡುವಿನ ಮನುಷ್ಯ

ಮಾನಸ್‌ನ ಕೌನ್ಸೆಲರ್‌ಗಳು ವೈದ್ಯರಲ್ಲ, ನರ್ಸ್‌ಗಳಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಆರೋಗ್ಯ ಕ್ಷೇತ್ರದ ಹಿನ್ನೆಲೆಯೇ ಇಲ್ಲದ ಸ್ಥಳೀಯ ಮಹಿಳೆಯರು, ಎರಡು ತಿಂಗಳ ತರಬೇತಿ ಪಡೆದವರು. ರೋಗಿಯನ್ನು ಮಾತಾಡಿಸುವುದು, ಮುಂದಿನ ಭೇಟಿ ನೆನಪಿಸುವುದು, ಬಾರದವರನ್ನು ಹುಡುಕುವುದು, ಮಾತ್ರೆ ನಿಲ್ಲಿಸಿದ್ದಾರೆಯೇ ನೋಡುವುದು, ವೈದ್ಯರಿಗೂ ಮನೋವೈದ್ಯರಿಗೂ ನಡುವೆ ಸುದ್ದಿ ಸಾಗಿಸುವುದು, ಎಲ್ಲ ಅವರ ಹೊಣೆ.

ಎರಡು ತಿಂಗಳು ಸಾಕೇ ಎಂದು ಮನಶ್ಶಾಸ್ತ್ರದವರು ಹುಬ್ಬೇರಿಸುತ್ತಾರೆ. ತರಬೇತಿಯ ಅವಧಿಗಿಂತ ಅದರ ನಂತರದ ಮೇಲ್ವಿಚಾರಣೆ ಮುಖ್ಯ. ವಾರಕ್ಕೊಮ್ಮೆ ಕಷ್ಟದ ಪ್ರಕರಣ ಚರ್ಚಿಸುವ ಕೂಟ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕೌನ್ಸೆಲಿಂಗ್ ಜಾರಿ ಬುದ್ಧಿವಾದವಾಗುತ್ತದೆ: ‘ಚಿಂತೆ ಮಾಡಬೇಡಿ ಅಮ್ಮಾ, ದೇವರಿದ್ದಾನೆ, ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ.’ ಕರುಣೆಯಿಂದ ಆಡಿದ ಮಾತೇ, ಆದರೆ ಚಿಕಿತ್ಸೆ ಅಲ್ಲ. ಕೈಪಿಡಿಯಿಂದ ಎಷ್ಟು ದೂರ ಸರಿದಿದ್ದೇವೆ ಎಂದು ತಿಳಿಯಲು ರೋಗಿಯ ಒಪ್ಪಿಗೆ ಪಡೆದು ಕೆಲವು ಭೇಟಿಗಳನ್ನು ಧ್ವನಿಮುದ್ರಿಸಿ ಅಂಕ ಹಾಕುವುದು ಒಂದೇ ಉಪಾಯ. ಸಂಗಾತ್‌ನವರೇ ನಂತರದ ಕೆಲಸಗಳಲ್ಲಿ ತಜ್ಞರ ಜತೆಗೆ ಕೌನ್ಸೆಲರ್‌ಗಳೇ ಪರಸ್ಪರರ ಮುದ್ರಿಕೆ ಕೇಳಿ ಅಂಕ ಕೊಡುವ ಕ್ರಮ ತಂದರು. ಮನೋವೈದ್ಯರು ವಿರಳವಾಗಿರುವ ತಾಲ್ಲೂಕುಗಳಿಗೆ ಇದಕ್ಕಿಂತ ಉಪಯೋಗದ ಪಾಠ ಕಡಿಮೆ.

ಕೌನ್ಸೆಲರ್‌ಗೆ ಕೋಣೆ ಬೇಕು. ಇದು ಹೇಳಬೇಕಾದ ಮಾತೇ ಅಲ್ಲ ಅನಿಸಬಹುದು, ಆದರೆ ಸೇವೆ ಕೊಟ್ಟವರ ಅನುಭವ ಕುರಿತು 2011ರಲ್ಲಿ ಬಂದ ಮಾನಸ್‌ನ ಉಪ ಅಧ್ಯಯನದಲ್ಲೂ ಜಾಗದ ಪ್ರಶ್ನೆ ಬಂದಿದೆ. ಪಿಎಚ್‌ಸಿಯಲ್ಲಿ ಖಾಲಿ ಕಾಣುವ ಕೋಣೆ ಗುರುವಾರ ಲಸಿಕೆಗೆ, ಒಂಬತ್ತನೇ ತಾರೀಕು ಗರ್ಭಿಣಿಯರ ತಪಾಸಣೆಗೆ, ಉಳಿದ ದಿನ ಔಷಧಿ ಡಬ್ಬಗಳಿಗೆ. ವಾರದ ವೇಳಾಪಟ್ಟಿ ಹಾಕಿ, ಯಾವ ದಿನ ಎಷ್ಟರಿಂದ ಎಷ್ಟರವರೆಗೆ ಎಂದು ಮೆಡಿಕಲ್ ಆಫೀಸರರ ಸಹಿ ಪಡೆಯದ ಕೋಣೆ ಕೋಣೆಯಲ್ಲ. ಬಾಗಿಲ ಮೇಲೆ ‘ಮಾನಸಿಕ’ ಎಂಬ ಫಲಕ ಹಾಕಿದರೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ‘ಟೆನ್ಶನ್’, ‘ಒತ್ತಡ’, ‘ನಿದ್ದೆಯ ತೊಂದರೆ’ ಎಂದರೆ ಬರುತ್ತಾರೆ.

ವೈದ್ಯರು, ಮಾತ್ರೆ

ಸಂಶೋಧಕರು ಕೌನ್ಸೆಲರ್ ಮೇಲೆ ಎಲ್ಲ ಗಮನ ಇಟ್ಟು ವೈದ್ಯರನ್ನು ‘ಸಹಿ ಹಾಕುವವರು’ ಎಂದು ಬಿಟ್ಟರೆ ಯೋಜನೆ ಕುಂಟುತ್ತದೆ. ವೈದ್ಯರು ಎರಡು ವಾಕ್ಯ ಹೇಳಿದರೆ ಸಾಕು: ‘ನಿಮ್ಮ ನೋವಿಗೆ ಕಾರಣ ಇದೇ ಇರಬಹುದು. ಪಕ್ಕದ ಕೋಣೆಯ ಮೇಡಂ ಹತ್ರ ಮಾತಾಡಿ ಹೋಗಿ.’ ಆ ಮಾತು ಇಲ್ಲದೆ ಕೌನ್ಸೆಲರ್ ಎಷ್ಟೇ ಕರೆದರೂ ಹೆಚ್ಚಿನ ರೋಗಿಗಳು ಬಸ್ಸಿಗೆ ಹೊರಡುತ್ತಾರೆ. ಮಾನಸ್‌ನ ಪೂರ್ವಸಿದ್ಧತೆಯಲ್ಲೂ ವೈದ್ಯರ ಪಾಲ್ಗೊಳ್ಳುವಿಕೆಯೇ ಕೀಲಿಕೈ ಎಂಬುದು ಸ್ಪಷ್ಟವಾಗಿತ್ತು. ತೊಂದರೆ ಎಂದರೆ ಪಿಎಚ್‌ಸಿಯ ವೈದ್ಯರು ವರ್ಗವಾಗುತ್ತಾರೆ. ತರಬೇತಿ ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ. ಹೊಸಬರು ಬಂದ ವಾರದಲ್ಲೇ ಕೊಡಬಹುದಾದ ಎರಡು ಗಂಟೆಯ ಸಣ್ಣ ಪಾಠ ಸಿದ್ಧವಿರಬೇಕು, ಅದನ್ನು ಕೊಡುವವರು ಪ್ರೊಫೆಸರ್ ಅಲ್ಲ, ಪಕ್ಕದ ಕೇಂದ್ರದ ವೈದ್ಯರಾದರೆ ಮೇಲು.

ಮಾತ್ರೆಯ ಕಥೆ ಬೇರೆ. ಫ್ಲೂಒಕ್ಸೆಟೀನ್ ಎಂಬ ಖಿನ್ನತೆ ಶಮನಕದ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸು, ಚಡಪಡಿಕೆ ಮೊದಲ ವಾರವೇ ಬರುತ್ತದೆ. ಹಲವು ಪಿಎಚ್‌ಸಿಗಳಲ್ಲಿ ಔಷಧಿ ಕೊಡುವ ರೂಢಿ ಮೂರರಿಂದ ಐದು ದಿನಕ್ಕೆ. ಈ ಎರಡನ್ನು ಕೂಡಿಸಿದರೆ ರೋಗಿಗೆ ಸಿಗುವುದು ಅಡ್ಡಪರಿಣಾಮ ಮಾತ್ರ, ಆಮೇಲೆ ಆತ ಬರುವುದೇ ಇಲ್ಲ. ಹದಿನೈದು ದಿನ ಅಥವಾ ತಿಂಗಳಿಗೆ ಆಗುವಷ್ಟು ಕೊಡಲು ಫಾರ್ಮಸಿಸ್ಟ್‌ಗೆ ಲಿಖಿತ ಆದೇಶ ಬೇಕು, ವಾರ್ಷಿಕ ಬೇಡಿಕೆ ಪಟ್ಟಿಯಲ್ಲಿ ಸಂಖ್ಯೆ ಮೊದಲೇ ಏರಿಸಿರಬೇಕು. ಇನ್ನೊಂದು: ಹಿಂದೆ ಉನ್ಮಾದದ ಲಕ್ಷಣ ಇತ್ತೇ (ನಿದ್ದೆಯೇ ಬೇಡವಾಗಿ, ಮಾತು ಹೆಚ್ಚಾಗಿ, ದುಡ್ಡು ಚೆಲ್ಲಿದ ದಿನಗಳು) ಎಂದು ಕೇಳದೆ ಈ ಮಾತ್ರೆ ಬರೆಯಬಾರದು. ಒಂದು ಸಾಲಿನ ಪ್ರಶ್ನೆ, ಚೀಟಿಯಲ್ಲೇ ಅಚ್ಚು ಹಾಕಿಸಿಬಿಡಬಹುದು.

ಚಿಕಿತ್ಸಾಲಯವನ್ನೇ ಘಟಕವಾಗಿಸಿದ್ದರ ಬೆಲೆ

ಒಂದೇ ಕೇಂದ್ರದಲ್ಲಿ ಅರ್ಧ ರೋಗಿಗಳಿಗೆ ಕೌನ್ಸೆಲರ್ ಕೊಟ್ಟು ಇನ್ನರ್ಧಕ್ಕೆ ಇಲ್ಲ ಎನ್ನುವುದು ಕಷ್ಟದ ಮಾತು. ವೈದ್ಯರು ಅವರೇ, ಬೆಂಚು ಅದೇ. ಆದ್ದರಿಂದ ಮಾನಸ್‌ನಲ್ಲಿ ಯಾವ ಚಿಕಿತ್ಸಾಲಯಕ್ಕೆ ಸೇವೆ ಎಂಬುದನ್ನೇ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ತೀರ್ಮಾನಿಸಿದರು. ಹೋಲಿಕೆಯ ಕಡೆಯೂ ಬರಿಗೈಯಲ್ಲಿ ಬಿಡಲಿಲ್ಲ: ಅಲ್ಲೂ ತಪಾಸಣೆ ನಡೆಯಿತು, ಫಲಿತಾಂಶ ವೈದ್ಯರಿಗೆ ತಿಳಿಯಿತು, ಚಿಕಿತ್ಸೆಯ ಮಾರ್ಗಸೂಚಿ ಕೊಡಲಾಯಿತು.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ದಂಡ ಕಟ್ಟಬೇಕು. ಒಂದೇ ಕೇಂದ್ರದ ರೋಗಿಗಳು ಪರಸ್ಪರ ಹೋಲುತ್ತಾರೆ, ಹಾಗಾಗಿ ನೂರು ಮಂದಿ ನೂರು ಸ್ವತಂತ್ರ ಮಾಹಿತಿಯಲ್ಲ. ಸೂತ್ರ ಸರಳ: ಒಂದು ಕೇಂದ್ರದ ಸರಾಸರಿ ರೋಗಿಗಳ ಸಂಖ್ಯೆಯಿಂದ ಒಂದು ಕಳೆದು, ಆ ಹೋಲಿಕೆಯ ಅಳತೆಯಿಂದ ಗುಣಿಸಿ, ಒಂದು ಕೂಡಿಸಿ. 2,796 ರೋಗಿಗಳು 24 ಕೇಂದ್ರಗಳಲ್ಲಿ ಎಂದರೆ ತಲಾ ಸುಮಾರು 116. ಹೋಲಿಕೆಯ ಅಳತೆ 0.02 ಎಂದು ಇಟ್ಟುಕೊಂಡರೂ ದಂಡ 3.3 ಪಟ್ಟು. ಅಂದರೆ ಅಷ್ಟು ದೊಡ್ಡ ಅಧ್ಯಯನ ಸುಮಾರು 850 ಜನರ ಸಾಧಾರಣ ಅಧ್ಯಯನದಷ್ಟೇ ಬಲದ್ದು. ಒಟ್ಟು ಫಲಿತಾಂಶದಲ್ಲಿ ಚೇತರಿಕೆ ಶೇ 65.0ಕ್ಕೆ ಎದುರಾಗಿ ಶೇ 52.9 ಇದ್ದರೂ ಎರಡರ ಅನುಪಾತದ ವಿಶ್ವಾಸ ವ್ಯಾಪ್ತಿ (ನಿಜವಾದ ಅನುಪಾತ ಇರಬಹುದಾದ ಎಲ್ಲೆ) 1.00ರಿಂದ 1.47ರವರೆಗೆ ಅಗಲವಾಗಿ ಹರಡಿರುವುದಕ್ಕೆ ಇಂಥ ವಿನ್ಯಾಸವೂ ಒಂದು ಕಾರಣ. ಪಿಎಚ್‌ಡಿಗೆಂದು ನಾಲ್ಕು ಪಿಎಚ್‌ಸಿ ಹಿಡಿದು, ತಲಾ ಇನ್ನೂರು ರೋಗಿ ಸೇರಿಸಿ ಪ್ರಯೋಗ ಮಾಡುವವರು ಈ ಲೆಕ್ಕವನ್ನು ಮೊದಲು ಮಾಡಬೇಕು. ರೋಗಿಗಳನ್ನು ಹೆಚ್ಚಿಸುವುದಕ್ಕಿಂತ ಕೇಂದ್ರಗಳನ್ನು ಹೆಚ್ಚಿಸುವುದು ಲಾಭ. ಆದರೆ ಒಂದೊಂದು ಹೊಸ ಕೇಂದ್ರ ಎಂದರೆ ಒಂದೊಂದು ಹೊಸ ಸಂಬಂಧ: ಮತ್ತೊಬ್ಬ ವೈದ್ಯರು, ಮತ್ತೊಂದು ಕೋಣೆ, ಮತ್ತೊಬ್ಬ ಫಾರ್ಮಸಿಸ್ಟ್. ಸಂಖ್ಯಾಶಾಸ್ತ್ರಕ್ಕೂ ಪಾಲುದಾರಿಕೆಗೂ ಎಳೆದಾಟ ಇರುವುದು ಇಲ್ಲಿ.

ಖಾಸಗಿ ಕ್ಲಿನಿಕ್‌ನ ಒಗಟು

ಈಗ ಆ ಎರಡು ಅಂಕಿಗಳಿಗೆ ಬರೋಣ. ಖಾಸಗಿ ಕ್ಲಿನಿಕ್‌ಗಳಲ್ಲಿ ಸೇವೆ ಕೆಟ್ಟದಾಗಿ ನಡೆಯಿತು ಎಂದು ಹೇಳುವುದು ಸುಲಭ, ಆದರೆ ಅಂಕಿಗಳು ಹಾಗೆ ಹೇಳುವುದಿಲ್ಲ. ಸೇವೆ ಇದ್ದ ಖಾಸಗಿ ಕಡೆ ಶೇ 64.1 ಚೇತರಿಸಿಕೊಂಡರು, ಪಿಎಚ್‌ಸಿಗಿಂತ ಹೆಚ್ಚು ಕಡಿಮೆಯೇನಿಲ್ಲ. ವ್ಯತ್ಯಾಸ ಇರುವುದು ಹೋಲಿಕೆಯ ಕಡೆಯಲ್ಲಿ: ಖಾಸಗಿಯಲ್ಲಿ ಸೇವೆ ಇಲ್ಲದವರೂ ಅಷ್ಟೇ ಚೇತರಿಸಿಕೊಂಡರು.

ಕಾರಣ ಊಹಿಸುವುದು ಕಷ್ಟವಲ್ಲ. ಊರಿನ ಖಾಸಗಿ ಡಾಕ್ಟರು ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು. ಅತ್ತೆಯ ಸಕ್ಕರೆ ಕಾಯಿಲೆ, ಮಗನ ಪರೀಕ್ಷೆ, ಗಂಡ ಕೊಲ್ಲಿಯಲ್ಲಿ ಇರುವುದು ಎಲ್ಲ ಗೊತ್ತು. ‘ಏನಮ್ಮಾ, ಮನೆಯಲ್ಲಿ ಹೇಗಿದೆ?’ ಎಂಬ ಒಂದು ಪ್ರಶ್ನೆ ಅರ್ಧ ಕೌನ್ಸೆಲಿಂಗ್. ಅಂಥವರ ಕೈಗೆ ತಪಾಸಣೆಯ ಫಲಿತಾಂಶ ಮತ್ತು ಮಾರ್ಗಸೂಚಿ ಕೊಟ್ಟರೆ ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ಪಿಎಚ್‌ಸಿಯಲ್ಲಿ ವೈದ್ಯರು ಬದಲಾಗುತ್ತಿರುತ್ತಾರೆ, ತಲಾ ಎರಡು ನಿಮಿಷ ಸಿಕ್ಕರೆ ಹೆಚ್ಚು. ಅಲ್ಲಿ ಇಲ್ಲದ್ದು ತನ್ನ ಹೆಸರು ನೆನಪಿಟ್ಟು, ಮುಂದಿನ ವಾರವೂ ಅಲ್ಲೇ ಸಿಗುವ ಒಬ್ಬ ಮನುಷ್ಯ. ಕೌನ್ಸೆಲರ್ ತುಂಬಿದ್ದು ಆ ಜಾಗವನ್ನು.

ಹನ್ನೆರಡು ತಿಂಗಳ ಫಲಿತಾಂಶ 2011ರಲ್ಲಿ ಬಂದಾಗಲೂ ಚಿತ್ರ ಬದಲಾಗಲಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಆರಂಭದಲ್ಲಿ ರೋಗ ದೃಢಪಟ್ಟವರ ಪೈಕಿ ಕಾಯಿಲೆ ಉಳಿದವರ ಪ್ರಮಾಣ ಶೇ 30 ಕಡಿಮೆ, ಆತ್ಮಹತ್ಯೆಯ ಪ್ರಯತ್ನ ಅಥವಾ ಯೋಜನೆ ಶೇ 36 ಕಡಿಮೆ, ಕೆಲಸ ತಪ್ಪಿದ ದಿನಗಳೂ ಕಡಿಮೆ. ಖಾಸಗಿಯಲ್ಲಿ ಹೇಳಿಕೊಳ್ಳುವ ಪರಿಣಾಮ ಇಲ್ಲ. 2012ರಲ್ಲಿ ಬಂದ ಖರ್ಚಿನ ಲೆಕ್ಕವೂ ಸರ್ಕಾರಿ ಕೇಂದ್ರಗಳ ಪರವಾಗಿಯೇ ಇತ್ತು.

ಬೇರೆ ಕಾಯಿಲೆಯಲ್ಲೂ ಇದೇ ಜಾಡು ಕಾಣುತ್ತದೆ. ಸ್ಕಿಝೋಫ್ರೇನಿಯಾ ಇರುವವರಿಗೆ ಸಮುದಾಯದ ಕಾರ್ಯಕರ್ತರು ಮನೆಮನೆಗೆ ಹೋಗಿ ನೆರವಾಗುವ ‘ಕಾಪ್ಸಿ’ ಅಧ್ಯಯನ ಗೋವಾ, ಮಹಾರಾಷ್ಟ್ರದ ಸಾತಾರಾ, ತಮಿಳುನಾಡಿನ ಕಾಂಚೀಪುರಂ ಕಡೆ ನಡೆಯಿತು. ಒಟ್ಟು 282 ಮಂದಿ. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಲಾಭ ಸಾಧಾರಣ. ಸೇವೆಗಳು ವಿರಳವಾಗಿರುವ ಹಳ್ಳಿಗಾಡಿನಂಥ ಕಡೆಗಳಲ್ಲಿ ಆರಂಭದ ಸೇವೆಯಾಗಿ ಇದನ್ನು ತರುವುದೇ ಸರಿ ಎಂಬುದು ಆ ತಂಡದ ತೀರ್ಮಾನ.

ಖಾಸಗಿ ವೈದ್ಯರ ಜತೆ ಕೆಲಸ ಮಾಡಲೇಬಾರದು ಎಂದು ಇದರ ಅರ್ಥವಲ್ಲ. ಅವರಿಗೆ ಪೂರ್ಣಾವಧಿ ಕೌನ್ಸೆಲರ್ ಕೊಡುವ ಬದಲು ತಪಾಸಣೆಯ ಪಟ್ಟಿ, ಮಾರ್ಗಸೂಚಿ, ಕಷ್ಟದ ರೋಗಿಯ ಬಗ್ಗೆ ಫೋನಿನಲ್ಲಿ ಸಿಗುವ ಒಬ್ಬ ಮನೋವೈದ್ಯರು, ಇಷ್ಟು ಕೊಟ್ಟು ನೋಡಬಹುದಿತ್ತು. ಉಳಿದ ಕೌನ್ಸೆಲರ್‌ಗಳನ್ನು ಇನ್ನಷ್ಟು ಪಿಎಚ್‌ಸಿಗೆ ಕಳಿಸಬಹುದಿತ್ತು. ಫಲಿತಾಂಶ ಗೊತ್ತಾದ ಮೇಲೆ ಹೀಗೆ ಹೇಳುವುದು ಸುಲಭ, ಸರಿ. ಆದರೆ ಈಗ ಗೊತ್ತಾಗಿದೆಯಲ್ಲ, ಮುಂದಿನವರು ಹೊಸದಾಗಿ ಅದೇ ತಪ್ಪು ಮಾಡಬೇಕಿಲ್ಲ.

ಗೋವಾದಲ್ಲೇ ಮುಂದುವರಿದ ಸಂಬಂಧ

ಒಳ್ಳೆಯ ಪಾಲುದಾರಿಕೆಯನ್ನು ಮೊದಲ ಅಧ್ಯಯನದಿಂದ ಅಳೆಯಲಾಗದು, ಅದೇ ಚಿಕಿತ್ಸಾಲಯಗಳು ಎರಡನೇ ಬಾರಿ ಬಾಗಿಲು ತೆರೆದವೇ ಎಂಬುದರಿಂದ ಅಳೆಯಬೇಕು. ಗೋವಾದ ಪಿಎಚ್‌ಸಿಗಳು ತೆರೆದವು. 2017ರಲ್ಲಿ ಪ್ರಕಟವಾದ ಎಚ್‌ಎಪಿ (ಹೆಲ್ದಿ ಆ್ಯಕ್ಟಿವಿಟಿ ಪ್ರೋಗ್ರಾಂ) ಅಧ್ಯಯನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, 495 ರೋಗಿಗಳ ಮೇಲೆ ನಡೆಯಿತು. ಖಾಸಗಿ ಕ್ಲಿನಿಕ್ ಇಲ್ಲ. ಎಲ್ಲ ಬಗೆಯ ಆತಂಕ-ಖಿನ್ನತೆಯ ಬದಲು ತೀವ್ರ ಖಿನ್ನತೆ ಮಾತ್ರ, ಪಿಎಚ್‌ಕ್ಯೂ-9ರಲ್ಲಿ 15 ಅಥವಾ ಹೆಚ್ಚು. ಅಂತರ್ವ್ಯಕ್ತಿ ಚಿಕಿತ್ಸೆಯ ಬದಲು, ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುವ ಸರಳ ಕ್ರಮ, 30ರಿಂದ 40 ನಿಮಿಷದ ಆರೆಂಟು ಭೇಟಿ. ಮೂರು ತಿಂಗಳಿಗೆ ರೋಗ ಇಳಿದವರು ಶೇ 64, ಹೋಲಿಕೆಯ ಕಡೆ ಶೇ 39. ಈ ಬಾರಿ ಯಾದೃಚ್ಛಿಕ ಹಂಚಿಕೆ ಚಿಕಿತ್ಸಾಲಯದ ಮಟ್ಟದಲ್ಲಲ್ಲ, ರೋಗಿಯ ಮಟ್ಟದಲ್ಲಿ. ಸಂಖ್ಯಾಶಾಸ್ತ್ರದ ಆ ದಂಡ ತಪ್ಪಿತು.

ಒಂದು ಕೊರತೆಯನ್ನು ಕನ್ನಡದ ಓದುಗರು ಗಮನಿಸಬೇಕು. ಮಾನಸ್‌ಗೆ ಸೇರಲು ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್ ಪೈಕಿ ಒಂದು ಬರಬೇಕಿತ್ತು. ವಾಸ್ಕೊ ಸುತ್ತಮುತ್ತ ಕಟ್ಟಡ ಕೆಲಸ, ಬಂದರು ಕೆಲಸ ಮಾಡುವ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಗಂಡಸರಿಗೆ ಹಿಂದಿ ಬಂದೀತು, ಹೊಸದಾಗಿ ಬಂದ ಹೆಂಗಸರಿಗೆ ಕಷ್ಟ. ಸಂಶೋಧಕರ ಪಾಲಿಗೆ ಇದು ವೆಚ್ಚದ ಪ್ರಶ್ನೆ: ಒಂದು ಭಾಷೆ ಹೆಚ್ಚಾದರೆ ಅನುವಾದ, ಮರು ಅನುವಾದ, ಪರೀಕ್ಷೆ, ಆ ಭಾಷೆಯ ಕೌನ್ಸೆಲರ್. ಚಿಕಿತ್ಸಾಲಯದ ಪಾಲಿಗೆ ಅವರು ದಿನಾ ಸಾಲಿನಲ್ಲಿ ನಿಲ್ಲುವ ರೋಗಿಗಳು. ಬೆಂಗಳೂರಿನ ಪಿಎಚ್‌ಸಿಯಲ್ಲಿ ಕನ್ನಡ ಮಾತ್ರ ಇಟ್ಟುಕೊಂಡು ಅಧ್ಯಯನ ಮಾಡುವವರೂ ತಮಿಳು, ಉರ್ದು, ತೆಲುಗಿನವರನ್ನು ಹೀಗೆಯೇ ಹೊರಗಿಡುತ್ತಾರೆ.

ಕರ್ನಾಟಕದಲ್ಲಿ ಮಾಡುವವರಿಗೆ

ಈ ಬಗೆಯ ಜೋಡಿ ಕೆಲಸ ಇಲ್ಲಿಗೆ ಹೊಸತಲ್ಲ. ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರು ಬಳಿಯ ಸಕಲವಾರದಲ್ಲಿ, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಕೇಂದ್ರಗಳ ಜತೆ ಕೆಲಸ ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2005ರಿಂದ ತೀರ್ಥಹಳ್ಳಿಯಲ್ಲಿ ಸ್ಕಿಝೋಫ್ರೇನಿಯಾ ರೋಗಿಗಳ ಚಿಕಿತ್ಸೆ ಮತ್ತು ಅಧ್ಯಯನ ಒಟ್ಟಿಗೇ ನಡೆದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಬಾಗಿಲು ಹುಡುಕುವ ಕಷ್ಟ ಇಲ್ಲ.

ಕಾಗದಪತ್ರದಲ್ಲಿ ಎಡವುವುದು ಹೆಚ್ಚು. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬಂದರೆ ಸಾಲದು, ಇಲಾಖೆಯ ಲಿಖಿತ ಅನುಮತಿ ಬೇಕು, ಅದರ ಪ್ರತಿ ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಪಿಎಚ್‌ಸಿಗೆ ಇಳಿದಿರಬೇಕು. ಪ್ರಯೋಗವಾದರೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಮೊದಲ ರೋಗಿ ಸೇರುವ ಮುನ್ನವೇ ದಾಖಲಾಗಬೇಕು. 2018ರ ಏಪ್ರಿಲ್ 1ರಿಂದ ತಡವಾದ ನೋಂದಣಿಗೆ ಅವಕಾಶವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿಸಿದೆ. ಹೆಸರು ಮತ್ತು ಸಂಕೇತ ಸಂಖ್ಯೆ ಜೋಡಿಸುವ ಪಟ್ಟಿ ಚಿಕಿತ್ಸಾಲಯದ ಬೀರುವಿನಲ್ಲಿ, ಸಂಕೇತ ಸಂಖ್ಯೆ ಮಾತ್ರ ಇರುವ ದತ್ತಾಂಶ ಸಂಶೋಧಕರ ಬಳಿ. ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರಕೂಡದು.

ಒಡಂಬಡಿಕೆಯಲ್ಲಿ ಜನ ಬರೆಯದೆ ಬಿಡುವ ಮೂರು ಸಂಗತಿಗಳು: ಪ್ರಬಂಧದಲ್ಲಿ ಮೆಡಿಕಲ್ ಆಫೀಸರರ ಹೆಸರು ಯಾವ ಕೆಲಸಕ್ಕೆ ಬರುತ್ತದೆ, ಫಲಿತಾಂಶ ಪತ್ರಿಕೆಗೆ ಹೋಗುವ ಮೊದಲು ಕೇಂದ್ರದ ಸಿಬ್ಬಂದಿಗೆ ಕನ್ನಡದಲ್ಲಿ ಎರಡು ಪುಟದ ವರದಿ ಯಾವ ತಿಂಗಳು ತಲುಪುತ್ತದೆ, ಯೋಜನೆಯ ಹಣ ಮುಗಿದ ದಿನ ನಡು ಚಿಕಿತ್ಸೆಯಲ್ಲಿರುವ ರೋಗಿಗಳನ್ನು ಯಾರು ನೋಡುತ್ತಾರೆ. ಮೂರನೆಯದಕ್ಕೆ ‘ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಒಪ್ಪಿಸಲಾಗುವುದು’ ಎಂಬ ಒಂದು ಸಾಲು ಸಾಲದು. ಕೊನೆಯ ಮೂರು ತಿಂಗಳು ಹೊಸ ರೋಗಿಗಳನ್ನು ಸೇರಿಸದೆ, ಇರುವವರನ್ನು ಒಬ್ಬೊಬ್ಬರಾಗಿ, ಚೀಟಿಯ ಸಮೇತ, ಹಸ್ತಾಂತರಿಸಬೇಕು.

ಇವೆಲ್ಲಕ್ಕೂ ಮೊದಲು ಎರಡು ವಾರ ಸುಮ್ಮನೆ ಎಣಿಸಬೇಕು. ಆರಿಸಿಕೊಂಡ ಪ್ರತಿ ಕೇಂದ್ರದಲ್ಲಿ ದಿನಕ್ಕೆ ಎಷ್ಟು ರೋಗಿಗಳು, ವೈದ್ಯರ ಮುಂದೆ ತಲಾ ಎಷ್ಟು ನಿಮಿಷ, ಕಳೆದ ಎರಡು ವರ್ಷದಲ್ಲಿ ಎಷ್ಟು ವೈದ್ಯರು ಬದಲಾದರು, ಒಂದು ತಿಂಗಳ ಹಿಂದೆ ಬಂದವರಲ್ಲಿ ಎಷ್ಟು ಜನ ಅದೇ ವೈದ್ಯರನ್ನು ಮತ್ತೆ ಕಂಡರು, ಖಿನ್ನತೆಯ ಮಾತ್ರೆ ಎಷ್ಟು ಜನರಿಗೆ ಬರೆದರು ಮತ್ತು ಎಷ್ಟು ದಿನಕ್ಕೆ. ಎಎನ್‌ಎಂ (ಆರೋಗ್ಯ ಸಹಾಯಕಿ) ಹತ್ತಿರ ಇರುವ ರಿಜಿಸ್ಟರ್ ಮತ್ತು ಫಾರ್ಮಸಿಯ ಪುಸ್ತಕದಿಂದ ಇದರಲ್ಲಿ ಅರ್ಧ ಸಿಗುತ್ತದೆ, ಉಳಿದರ್ಧಕ್ಕೆ ಬೆಂಚಿನ ಮೇಲೆ ಕೂರಬೇಕು. ಹಳೆಯ ವೈದ್ಯರು, ಮರಳಿ ಬರುವ ರೋಗಿಗಳು ಇರುವ ಕೇಂದ್ರಕ್ಕೆ ತಪಾಸಣೆಯ ಪಟ್ಟಿ ಮತ್ತು ಫೋನ್ ನಂಬರ್ ಸಾಕಾಗಬಹುದು. ಕೌನ್ಸೆಲರ್ ಸಂಬಳವನ್ನು ವರ್ಷಕ್ಕೊಬ್ಬ ಡಾಕ್ಟರು ಬದಲಾಗುವ ಕೇಂದ್ರಕ್ಕೆ ಇಡಿ.